ಕಟ್ಟೆ, ಕಟಕಟೆ, ಪೀಠ

ಊರಿನ ನ್ಯಾಯ ಗುಡಿಯ ಕಟ್ಟೆಯ ಮೇಲೆ ಹುಟ್ಟಿತು. ತಾಲೂಕಿನ ನ್ಯಾಯ ಕಟಕಟೆಯಲ್ಲಿ ನಿಂತಿತು. ದೇಶದ ನ್ಯಾಯ ಪೀಠದ ಮೇಲೆ ಕೂತಿದೆ. ಮೂರೂ ಕಡೆ ಬಾಳುವ ಗುಣ ಒಂದೇ: ಎದುರಿಗೆ ನಿಂತವನ ಮಾತನ್ನು ಕೊನೆತನಕ ಕೇಳುವುದು.

ಧಾರವಾಡ ಸೀಮೆಯಲ್ಲಿ ಊರ ಹಿರಿಯರ ಕೂಟಕ್ಕೆ ‘ದೈವ’ ಎನ್ನುತ್ತಾರೆ. ಕೂಡಿದಾಗ ದೈವ, ಎದ್ದಾಗ ಮನುಷ್ಯರು. ನ್ಯಾಯಾಧೀಶನಿಗೆ ಇಷ್ಟು ನೆನಪಿದ್ದರೆ ಸಾಕು.

ಕಟ್ಟೆಯ ನ್ಯಾಯವನ್ನು ಹೊಗಳುವಾಗ ಕಟ್ಟೆಯ ಕೆಳಗೆ ನಿಂತವರ ನೆನಪಿರಲಿ. ಮೇಲೆ ಕೂರಲು ಜಾತಿ ಬಿಡದವನಿಗೆ, ಬಾಯಿ ತೆರೆಯಲು ಊರು ಬಿಡದವಳಿಗೆ ಮೊದಲು ಸಿಕ್ಕ ಸಮನೆಲ ಕಟಕಟೆ.

ಎರೆಹೊಲ ಬೇಸಿಗೆಗೆ ಬಿರಿಯುತ್ತದೆ, ಮುಂಗಾರಿಗೆ ಕೂಡುತ್ತದೆ. ಅಣ್ಣತಮ್ಮಂದಿರ ಬಿರುಕಿಗೆ ಡಿಕ್ರಿ ಮಳೆಯಾಗಲಾರದು.

ಬದುವಿನ ಅಗಲ ಎರಡು ಅಡಿ. ಅದರ ಖಟ್ಲೆಯ ಉದ್ದ ಎರಡು ತಲೆಮಾರು.

ತಾಲೂಕು, ಜಿಲ್ಲೆ, ಹೈಕೋರ್ಟು, ಸುಪ್ರೀಂ ಕೋರ್ಟು. ಏಣಿಗೆ ನಾಲ್ಕೇ ಮೆಟ್ಟಿಲು. ಕೆಳಗಿನ ಎರಡರಲ್ಲಿ ಮುಖ ಕಾಣುತ್ತದೆ, ಮೂರನೆಯದರಲ್ಲಿ ಕಡತ, ನಾಲ್ಕನೆಯದರಲ್ಲಿ ಕಾನೂನಿನ ಪ್ರಶ್ನೆ. ಅಧಿಕಾರ ಹಿಗ್ಗಿದಷ್ಟೂ ಮುಖ ಮಸುಕು.

ಸಾಕ್ಷಿಯ ಗಂಟಲು ಒಣಗುವುದನ್ನು ತಾಲೂಕಿನ ನ್ಯಾಯಾಧೀಶ ಕಾಣಬಲ್ಲ. ಮೇಲೆ ಹೋದ ಕಾಗದದಲ್ಲಿ ಅದು ಒಂದು ಪೂರ್ಣವಿರಾಮ. ಕಣ್ಣಾರೆ ಕಂಡವನ ಅಭಿಪ್ರಾಯಕ್ಕೆ ಮೇಲ್ಮನವಿಯ ಕೋರ್ಟು ತೂಕ ಕೊಡುವುದು ಈ ಕಾರಣಕ್ಕೆ. ಎತ್ತರ ತನಗೆ ಕಾಣದ್ದನ್ನು ಒಪ್ಪಿಕೊಂಡಾಗಲೇ ಎತ್ತರ.

ಅಮೆರಿಕದಲ್ಲಿ ರಾಜ್ಯದ ಕೋರ್ಟು ಬೇರೆ, ಒಕ್ಕೂಟದ ಕೋರ್ಟು ಬೇರೆ. ಇಲ್ಲಿ ಏಣಿ ಒಂದೇ. ಧಾರವಾಡ ಸೀಮೆಯ ನವಲಗುಂದದ ಕುರ್ಚಿಗೂ ದಿಲ್ಲಿಯ ಕುರ್ಚಿಗೂ ಸಂವಿಧಾನ ಒಂದೇ, ಮೆತ್ತೆ ಬೇರೆ.

ಅಮೆರಿಕದ ಫೆಡರಲ್ ನ್ಯಾಯಾಧೀಶನನ್ನು ಅಧ್ಯಕ್ಷ ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ಕೂತ ಮೇಲೆ ಆಯುಷ್ಯವಿಡೀ ಕೂರಬಹುದು. ಬರುವ ದಾರಿ ಬಯಲು, ಹೋಗುವ ದಿನ ಅಗೋಚರ. ನಮ್ಮಲ್ಲಿ ಬರುವ ದಾರಿ ಮರೆ, ಹೋಗುವ ದಿನ ಮಾತ್ರ ಜನ್ಮದಾಖಲೆಯಲ್ಲೇ ಬರೆದಿದೆ.

ರಾತ್ರಿ ಹನ್ನೊಂದಕ್ಕೆ ತಾಲೂಕಿನ ನ್ಯಾಯಾಧೀಶನ ಮನೆಯ ಮುಂದೆ ಪೊಲೀಸ್ ಜೀಪು ನಿಲ್ಲುತ್ತದೆ. ಹಿಡಿದವನನ್ನು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಅರೆನಿದ್ದೆಯ ನ್ಯಾಯಾಧೀಶ ಚಸ್ಮಾ ಹುಡುಕಿ ಹಾಕಿಕೊಂಡು ಕೇಳುತ್ತಾನೆ: ‘ಪೊಲೀಸರು ಏನಾರ ಹೊಡದಾರೇನು?’ ಹಿಡಿದವನು ಹೇಳುವುದಕ್ಕಿಂತ ಹೇಳಲು ಅಂಜುವುದೇ ಹೆಚ್ಚು. ಸಂವಿಧಾನದ 22ನೇ ವಿಧಿಯನ್ನು ದಿಲ್ಲಿಯಲ್ಲಿ ವ್ಯಾಖ್ಯಾನಿಸುತ್ತಾರೆ. ಅದು ಉಸಿರಾಡುವುದು ಈ ಹೊಸ್ತಿಲ ಮೇಲೆ.

ಆ ಒಂದು ಪ್ರಶ್ನೆಯನ್ನು ಬಾಯಿಪಾಠದಂತೆ ಕೇಳುವವನು ನೌಕರ. ಉತ್ತರಕ್ಕೆ ಕಾಯುವವನು ನ್ಯಾಯಾಧೀಶ.

ಕುಂದಗೋಳದ ರೈತ ಕಟಕಟೆಯಲ್ಲಿ ‘ಖರೇನ ಹೇಳ್ತೇನ್ರಿ’ ಅನ್ನುತ್ತಾನೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ 348ನೇ ವಿಧಿಯ ಪ್ರಕಾರ ಇಂಗ್ಲಿಷ್. ಮಾತು ಏಣಿ ಏರುತ್ತ ತರ್ಜುಮೆಯಾಗುತ್ತದೆ. ಅರ್ಥ ಏರುತ್ತದೆ, ದನಿ ಕೆಳಗೇ ಉಳಿಯುತ್ತದೆ.

ತನ್ನ ಪರವಾಗಿ ಬಂದ ತೀರ್ಪನ್ನು ತಾನೇ ಓದಲಾರದವನು ಅರ್ಧ ಗೆದ್ದವನು.

1956ರವರೆಗೆ ನವಲಗುಂದದ ಮೇಲ್ಮನವಿ ಮುಂಬೈ ಹೈಕೋರ್ಟಿಗೆ ಹೋಗುತ್ತಿತ್ತು. ಏಕೀಕರಣದ ಬಳಿಕ ಬೆಂಗಳೂರಿಗೆ ಹೋಯಿತು. ವಕೀಲರ, ಜನರ ಬಹುಕಾಲದ ಹೋರಾಟದ ಮೇಲೆ 2008ರ ಜುಲೈ 4ರಂದು ಧಾರವಾಡದಲ್ಲಿ ಸಂಚಾರಿ ಪೀಠ ಕೂತಿತು. 2013ರ ಆಗಸ್ಟ್‌ನಿಂದ ಅದು ಕಾಯಂ. ಏಕೀಕರಣದಿಂದ ಎಣಿಸಿದರೂ ಸಂಚಾರಿ ಪೀಠ ಬರುವುದಕ್ಕೇ ಐವತ್ತೆರಡು ವರ್ಷ. ಒಬ್ಬ ಕಕ್ಷಿದಾರ ಹುಟ್ಟಿ, ದುಡಿದು, ಸೋತು ಹೋಗಲು ಸಾಲುವಷ್ಟು ಕಾಲ.

ಬೆಂಗಳೂರಿನ ವಾಯಿದೆಗೆ ಎರಡು ರಾತ್ರಿಯ ಬಸ್ಸು ಬೇಕಿತ್ತು. ಧಾರವಾಡದ ವಾಯಿದೆಗೆ ಒಂದು ಬುತ್ತಿ ಸಾಕು. ನ್ಯಾಯದ ಸುಧಾರಣೆಯನ್ನು ಬುತ್ತಿಯ ಲೆಕ್ಕದಲ್ಲಿ ಅಳೆಯುವವನು ತಪ್ಪು ಅಳೆಯುವುದಿಲ್ಲ.

ಕುಂದಗೋಳ ಒಂದು ಕಾಲಕ್ಕೆ ಜಮಖಂಡಿ ಸಂಸ್ಥಾನದ್ದು, ಪಕ್ಕದ ಹುಬ್ಬಳ್ಳಿ ಬ್ರಿಟಿಷರದ್ದು. ಒಂದೇ ಮಳೆ, ಒಂದೇ ಹತ್ತಿ, ಎರಡು ಕಾಯದೆ. ಗೆರೆ ಎಳೆದವರ ಕಣ್ಣಿಗೆ ಹೊಲ ಬಿದ್ದಿರಲಿಲ್ಲ.

ವಿಲಂಬಿತದಲ್ಲಿ ರಾಗ ಅರಳುತ್ತದೆ, ವಿಲಂಬದಲ್ಲಿ ನ್ಯಾಯ ಕೊಳೆಯುತ್ತದೆ. ಗಾಯಕ ಸವಾಯಿ ಗಂಧರ್ವರ ಕುಂದಗೋಳಕ್ಕೆ ಈ ಅಂತರವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಣದಲ್ಲಿ ತೂರುವವನು ಗಾಳಿಗೆ ಕಾಯುತ್ತಾನೆ. ಅವಸರ ಮಾಡಿದರೆ ಹೊಟ್ಟು ಕಾಳಿನ ಮೇಲೆಯೇ ಬೀಳುತ್ತದೆ. ಕಾಯುತ್ತಲೇ ಕೂತರೆ ಕಾಳು ಮಳೆಗೆ ಸಿಕ್ಕುತ್ತದೆ.

ವಕೀಲಿಕೆ ಮಾತಿನ ಉದ್ಯೋಗ, ಪೀಠ ಮೌನದ ಉದ್ಯೋಗ. ಮೊದಲನೆಯದರಲ್ಲಿ ಪಳಗಿದವರನ್ನೇ ಎರಡನೆಯದಕ್ಕೆ ಆರಿಸುತ್ತಾರೆ. ಪೀಠವೇರಿದ ಮೇಲೂ ವಾದಿಸುವ ಚಟ ಬಿಡದವನ ಕೋರ್ಟಿನಲ್ಲಿ ಇಬ್ಬರು ವಕೀಲರಲ್ಲ, ಮೂವರಿರುತ್ತಾರೆ.

ಕಾನೂನು ಕಾಲೇಜಿನಿಂದ ನೇರ ಪೀಠಕ್ಕೆ ಹತ್ತುವ ದಾರಿಯನ್ನು ಸುಪ್ರೀಂ ಕೋರ್ಟು 2025ರ ಮೇ 20ರಂದು ಮುಚ್ಚಿತು. ಸಿವಿಲ್ ನ್ಯಾಯಾಧೀಶನಾಗಲು ಈಗ ಮೂರು ವರ್ಷದ ವಕೀಲಿಕೆ ಬೇಕು. ಪುಸ್ತಕದಲ್ಲಿ ಕಕ್ಷಿದಾರ ಒಂದು ಹೆಸರು. ವಕೀಲನ ಪಡಸಾಲೆಯಲ್ಲಿ ಅವನು ನಿದ್ದೆಗೆಟ್ಟ ಮನುಷ್ಯ. ಅವನನ್ನು ಕಂಡು ಬಂದವನೇ ತೀರ್ಪು ಬರೆಯಲಿ ಎಂಬುದು ಸರಿ.

ಅದೇ ಮೂರು ವರ್ಷ ಉಳ್ಳವನ ಮಗನಿಗೆ ತರಬೇತಿ, ಕೂಲಿಯವನ ಮಗಳಿಗೆ ಅರೆಹೊಟ್ಟೆ. ನಿಯಮ ಬಂದಿದೆ, ಅದರ ಖರ್ಚು ಯಾರದೆಂದು ಇತ್ಯರ್ಥವಾಗಿಲ್ಲ.

ಜಿಲ್ಲಾ ನ್ಯಾಯಾಧೀಶನಾಗಿ ನೇರವಾಗಿ ಸೇರಲು ವಕೀಲನಿಗೆ ಏಳು ವರ್ಷ, ಹೈಕೋರ್ಟಿಗೆ ಹತ್ತು ವರ್ಷ. ಸುಪ್ರೀಂ ಕೋರ್ಟಿಗೆ ಮೂರು ಬಾಗಿಲು: ಹೈಕೋರ್ಟಿನ ನ್ಯಾಯಮೂರ್ತಿ, ನುರಿತ ವಕೀಲ, ಹೆಸರಾಂತ ಕಾನೂನು ಪಂಡಿತ. 1950ರಿಂದ ಈವರೆಗೆ ಮೂರನೆಯ ಬಾಗಿಲಿನಿಂದ ಯಾರೂ ಒಳಗೆ ಹೋಗಿಲ್ಲ. ಬರೆದಿಟ್ಟ ಬಾಗಿಲೆಲ್ಲ ತೆರೆಯುವ ಬಾಗಿಲಲ್ಲ.

ತಾಲೂಕಿನಿಂದ ಒಂದೊಂದೇ ಮೆಟ್ಟಿಲು ಹತ್ತಿದವನು ಹೈಕೋರ್ಟು ಮುಟ್ಟುವಾಗ ತಲೆ ನರೆತಿರುತ್ತದೆ, ಉಳಿದ ವರ್ಷ ಕೈಬೆರಳಿನಷ್ಟು. ಅತಿ ಹೆಚ್ಚು ಮುಖ ಕಂಡವನಿಗೆ ಮೇಲೆ ಅತಿ ಕಡಿಮೆ ಕಾಲ. ಏಣಿಯ ಅತಿ ದೊಡ್ಡ ನಷ್ಟ ಇದು.

ಜಿಲ್ಲೆಯಲ್ಲಿ 60, ಹೈಕೋರ್ಟಿನಲ್ಲಿ 62, ಸುಪ್ರೀಂ ಕೋರ್ಟಿನಲ್ಲಿ 65. ಈ ಮೂರು ವಯಸ್ಸಿಗೆ ಕಾರಣ ಕೇಳಿದರೆ ತೃಪ್ತಿ ಕೊಡುವ ಉತ್ತರ ಸಿಗುವುದಿಲ್ಲ.

ಹೊಸ ಊರಿಗೆ ಬಂದ ನ್ಯಾಯಾಧೀಶನಿಗೆ ಎಲ್ಲರೂ ನಮಸ್ಕಾರ ಮಾಡುತ್ತಾರೆ, ಯಾರೂ ಮನೆಗೆ ಬರುವುದಿಲ್ಲ. ಬರುವವರನ್ನು ಒಳಗೆ ಕರೆಯುವಂತಿಲ್ಲ. ಜಾತ್ರೆಗೆ ಹೋದರೆ ಯಾರ ಪಕ್ಕ ನಿಂತನೆಂದು ನೋಡುತ್ತಾರೆ, ಮದುವೆಗೆ ಹೋದರೆ ಯಾರ ಪಂಕ್ತಿಯಲ್ಲಿ ಉಂಡನೆಂದು. ಹೆಂಡತಿಗೆ ನೆರೆಮನೆ ಇಲ್ಲ, ಮಗನಿಗೆ ಓಣಿ ಇಲ್ಲ. ಮೂರು ವರ್ಷಕ್ಕೆ ವರ್ಗ. ಊರು ನಂಟಾಗುವ ಮೊದಲೇ ಊರು ಬಿಡಬೇಕು. ಈ ಒಂಟಿತನವನ್ನು ಯಾವ ವೇತನ ಆಯೋಗವೂ ಲೆಕ್ಕ ಹಾಕಿಲ್ಲ. ಹಾಕಲು ಬರುವುದೂ ಇಲ್ಲ.

ಕಲಘಟಗಿಗೆ ಬಂದ ನ್ಯಾಯಾಧೀಶನ ಮನೆಯಲ್ಲಿ ಕೂಸು ಹುಟ್ಟಿದರೆ ಆ ಊರಿನ ಬಣ್ಣದ ತೊಟ್ಟಿಲನ್ನು ಅವನು ರೊಕ್ಕ ಕೊಟ್ಟೇ ತರಬೇಕು, ಪಾವತಿ ಇಡಬೇಕು. ಪ್ರೀತಿ ನೀಡುವ ಕೈಯೂ ಲಂಚ ನೀಡುವ ಕೈಯೂ ದೂರದಿಂದ ಒಂದೇ ತರ ಕಾಣುತ್ತವೆ.

ಕೊಂಡು ಹಾಸಿದ ನವಲಗುಂದದ ಜಮಖಾನೆಯ ಮೇಲೆ ನಿದ್ದೆ ಬರುತ್ತದೆ. ಬಳುವಳಿಯಾಗಿ ಬಂದದ್ದರ ಮೇಲೆ ಬರೀ ಮಲಗಬಹುದು.

ಭಯ, ಪಕ್ಷಪಾತ, ರಾಗ, ದ್ವೇಷ. ಪ್ರಮಾಣವಚನದಲ್ಲಿ ನ್ಯಾಯಮೂರ್ತಿ ದೂರವಿಡುವ ನಾಲ್ಕು. ಭಯ ಮತ್ತು ದ್ವೇಷ ಬಂದಾಗ ಮನುಷ್ಯನಿಗೆ ತಿಳಿಯುತ್ತದೆ. ರಾಗ ಸದ್ಗುಣದ ಅಂಗಿ ತೊಟ್ಟು ಬರುತ್ತದೆ. ತನ್ನವರ ದುಃಖ ಬೇಗ ಅರ್ಥವಾಗುವುದೂ ಒಂದು ಪಕ್ಷಪಾತ.

ಬಡವನಿಗೆ ಕನಿಕರದಿಂದ ಕೊಟ್ಟ ತೀರ್ಪು ಮೇಲಿನ ಕೋರ್ಟಿನಲ್ಲಿ ಬೀಳುತ್ತದೆ. ಕಾಯದೆಯಲ್ಲಿ ಬಡವನಿಗೆ ಇರುವ ಹಕ್ಕನ್ನು ಹುಡುಕಿ ಕೊಟ್ಟದ್ದು ನಿಲ್ಲುತ್ತದೆ. ಕನಿಕರಕ್ಕೆ ಓದು ಬೇಕು.

ಸುಮಾರು ಒಂಬತ್ತು ನೂರು ವರ್ಷದ ಹಿಂದೆ ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಬ್ರಿಟಿಷ್ ನ್ಯಾಯಾಧೀಶರು ಅದನ್ನು ತರ್ಜುಮೆಯಲ್ಲಿ ಓದಿ ದೇಶದ ಬಹುಭಾಗದ ಹಿಂದೂ ಆಸ್ತಿಯನ್ನು ಹಂಚಿದರು. ಅದೇ ಚಾಲುಕ್ಯರಿಗೆ ಕೊನೆಗಾಲದಲ್ಲಿ ನೆಲೆಯಾದ ಅಣ್ಣಿಗೇರಿಯಲ್ಲಿ ಇಂದಿಗೂ ವಾಟ್ನಿಯ ದಾವೆ ಆ ಪುಸ್ತಕದ ನೆರಳಲ್ಲೇ ನಡೆಯುತ್ತದೆ. ರಾಜ್ಯ ಅಳಿಯಿತು. ಪಾಲಿನ ಲೆಕ್ಕ ಅಳಿಯಲಿಲ್ಲ.

ಆ ಪುಸ್ತಕದ ನೆರಳಿನಲ್ಲಿ ಮಗಳಿಗೆ ಜಾಗ ಇರಲಿಲ್ಲ. ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಅವಳಿಗೆ ಸಮಪಾಲು ಕೊಟ್ಟವು. ಅದು ಹುಟ್ಟಿನಿಂದ ಬಂದ ಹಕ್ಕು, ಅಪ್ಪ ಬದುಕಿದ್ದಾನೋ ಇಲ್ಲವೋ ಎಂಬುದರ ಮೇಲೆ ನಿಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು. ಆ ಮಾತು ದಿಲ್ಲಿಯಿಂದ ಹೊರಟು ಹಳ್ಳಿಯ ಅಡುಗೆಮನೆ ಮುಟ್ಟುವಷ್ಟರಲ್ಲಿ ಹಕ್ಕುಬಿಟ್ಟ ಪತ್ರಕ್ಕೆ ಅಕ್ಕನ ಹೆಬ್ಬೆಟ್ಟು ಬಿದ್ದಿರುತ್ತದೆ.

ಪಾಲು ಕೇಳಿದವಳಿಗೆ ಪಂಚಮಿಯ ಕರೆ ತಪ್ಪುತ್ತದೆ. ಹೊಲಕ್ಕೂ ತವರಿಗೂ ನಡುವೆ ಅವಳು ಆರಿಸಬೇಕು. ಯಾವ ಪೀಠವೂ ತವರನ್ನು ಡಿಕ್ರಿ ಮಾಡಿ ಕೊಡಲಾರದು.

ಗಜೇಂದ್ರಗಡವನ್ನು ಅಡ್ಡಹೆಸರಾಗಿ ಹೊತ್ತ ಪಿ.ಬಿ. ಗಜೇಂದ್ರಗಡ್ಕರ್ 1918ರಿಂದ ಎರಡು ವರ್ಷ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದರು. 1964ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಸಂಸ್ಕೃತ ವಿದ್ವತ್ತಿನ ಮನೆತನ. ಮಗ ಹೆಸರು ಮಾಡಿದ್ದು ಕಾರ್ಮಿಕ ಕಾನೂನಿನಲ್ಲಿ. ಶಾಸ್ತ್ರ ಓದಿದ ಮನೆ ಕೂಲಿಯ ಚೀಟಿಯನ್ನೂ ಓದಿದರೆ ಶಾಸ್ತ್ರಕ್ಕೆ ಮರ್ಯಾದೆ.

ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಲ್ಲಿ 1958ರಲ್ಲಿ ಹುಟ್ಟಿದ ಮೋಹನ ಶಾಂತನಗೌಡರ 1980ರಲ್ಲಿ ಕರಿಕೋಟು ತೊಟ್ಟರು. ಮೊದಲು ಧಾರವಾಡ, ಆಮೇಲೆ ಬೆಂಗಳೂರು. 2003ರಲ್ಲಿ ಹೈಕೋರ್ಟು, 2016ರಲ್ಲಿ ಕೇರಳದ ಮುಖ್ಯ ನ್ಯಾಯಮೂರ್ತಿ, 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು. ಅವರು ಹುಟ್ಟಿದಾಗ ಆ ಊರು ಧಾರವಾಡ ಜಿಲ್ಲೆ, ಈಗ ಹಾವೇರಿ. ದಿಲ್ಲಿಯ ಪೀಠಕ್ಕೆ ಮೂವತ್ತೇಳು ವರ್ಷದ ದಾರಿ. ಪೀಠದ ಮೇಲೆ ಸಿಕ್ಕದ್ದು ನಾಲ್ಕು ವರ್ಷ ಚಿಲ್ಲರೆ. ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವಾಗ, 2021ರ ಏಪ್ರಿಲ್ 24ರಂದು, ಸೇವೆಯಲ್ಲಿದ್ದಾಗಲೇ ಹೋದರು.

ದೀರ್ಘ ದಾರಿ ಹಣ್ಣು ಮಾಡುತ್ತದೆ. ಹಣ್ಣಾದದ್ದು ಬಹುಕಾಲ ಕೊಂಬೆಯಲ್ಲಿ ನಿಲ್ಲುವುದಿಲ್ಲ.

ಮಂಜುಳಾ ಚೆಲ್ಲೂರ ಬಳ್ಳಾರಿಯಲ್ಲಿ ವಕೀಲಿಕೆಗೆ ಇಳಿದಾಗ ಅಲ್ಲಿ ಬೇರೆ ಹೆಣ್ಣು ವಕೀಲರಿರಲಿಲ್ಲ. ಜಿಲ್ಲಾ ನ್ಯಾಯಾಧೀಶೆಯಾಗಿ ಸೇರಿ, ಕರ್ನಾಟಕ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ, ಕೊನೆಗೆ ಮುಂಬೈ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಧಾರವಾಡದ ಅಜ್ಜಂದಿರು ಅರ್ಜಿ ಹಿಡಿದು ಹೋಗುತ್ತಿದ್ದ ಕೋರ್ಟು ಅದು. ಕಾಲ ತೀರ್ಪು ಬರೆಯುವುದು ಹೀಗೆ, ಸದ್ದಿಲ್ಲದೆ.

ಮೊದಲನೆಯವಳಿಗೆ ದಾರಿ ಇರುವುದಿಲ್ಲ, ಎರಡನೆಯವಳಿಗೆ ಹೋಲಿಕೆ ತಪ್ಪುವುದಿಲ್ಲ. ಕೋರ್ಟಿನ ಆವರಣದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಎಂದು ಯಾರೂ ಕೇಳಬೇಕಾಗದ ದಿನ ಸಮಾನತೆಯ ಮಾತು ಶುರುವಾಗಲಿ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಮಠದ ಭೂಮಿಗಾಗಿ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಮಠಕ್ಕೆ ಭೂಮಿ ದಕ್ಕಲಿಲ್ಲ, ದೇಶಕ್ಕೆ ಸಂವಿಧಾನದ ಮೂಲ ಸ್ವರೂಪದ ತತ್ವ ದಕ್ಕಿತು. ಸೋತ ದಾವೆಯ ಹೆಸರಲ್ಲಿ ಗೆಲುವು ಉಳಿದಿದೆ.

ಮರುದಿನವೇ ಮೂವರು ಹಿರಿಯರನ್ನು ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಹೆಸರಿಸಲಾಯಿತು. ದಾಟಿಸಿಕೊಂಡವರಲ್ಲಿ ಒಬ್ಬರು ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ನಾಲ್ಕು ವರ್ಷದ ಮೇಲೆ ಲೋಕಸಭೆಯ ಸಭಾಧ್ಯಕ್ಷರಾದರು. ಏಣಿಯ ತುದಿ ತಪ್ಪಿದವನ ಎತ್ತರ ಕೆಲವೊಮ್ಮೆ ಏಣಿಗಿಂತ ಹೆಚ್ಚು.

ತುರ್ತುಪರಿಸ್ಥಿತಿಯಲ್ಲಿ ಬದುಕುವ ಹಕ್ಕನ್ನೂ ಕೋರ್ಟಿನಲ್ಲಿ ಕೇಳುವಂತಿಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟಿನ ಪೀಠದ ಐವರಲ್ಲಿ ನಾಲ್ವರು ಬರೆದರು. ಒಬ್ಬರೇ, ಎಚ್.ಆರ್. ಖನ್ನಾ, ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಯ ಪೀಠ ಅವರಿಗೆ ತಪ್ಪಿತು. ಆ ಬಹುಮತವನ್ನು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಅಳಿಸಿತು. ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ ಆ ದಾವೆಯ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅರ್ಜಿ ಹಾಕಿದಾಗ ವಯಸ್ಸು ಎಂಬತ್ತಾರು. ಪೀಠದಿಂದ ಇಳಿದವನಿಗೆ ಕಟಕಟೆಯ ಬದಿ ನಿಲ್ಲುವುದು ಇಳಿತವಲ್ಲ.

ಒಂಟಿ ಭಿನ್ನಮತ ಅಂಚೆಯಲ್ಲಿ ಹಾಕಿದ ಪತ್ರ. ವಿಳಾಸ ಮುಂದಿನ ಪೀಳಿಗೆಯದು. ತಲುಪಲು ನಲವತ್ತೊಂದು ವರ್ಷವೂ ಹಿಡಿಯಬಹುದು.

ನ್ಯಾಯಮೂರ್ತಿಗಳನ್ನು ನ್ಯಾಯಮೂರ್ತಿಗಳೇ ಆರಿಸುವ ಪದ್ಧತಿ 1993ರ ತೀರ್ಪಿನಿಂದ ಬಂತು. ಅದನ್ನು ಬದಲಿಸಲು ಸಂಸತ್ತು ಮಾಡಿದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟೇ 2015ರ ಅಕ್ಟೋಬರ್ 16ರಂದು ರದ್ದುಮಾಡಿತು. ಸರ್ಕಾರದ ಕೈ ತಾಗದ ಕೋಣೆ ಬೇಕಿತ್ತು, ಸಿಕ್ಕಿತು. ಅದಕ್ಕೆ ಕಿಟಕಿ ಇಡುವ ಕೆಲಸ ಬಾಕಿ ಇದೆ.

ಪ್ರತಿಯೊಂದು ತೀರ್ಪಿಗೂ ಕಾರಣ ಬರೆಯಬೇಕೆಂದು ಕೆಳಗಿನವರಿಗೆ ಕಲಿಸಿದ ಕೋರ್ಟು, ತನ್ನವರನ್ನು ಆರಿಸುವಾಗಲೂ ಕಾರಣ ಬರೆಯಲಿ.

ಸುಪ್ರೀಂ ಕೋರ್ಟಿನಿಂದ ಇಳಿದವರು ದೇಶದ ಯಾವ ಕೋರ್ಟಿನಲ್ಲೂ ವಾದಿಸುವಂತಿಲ್ಲ. ಸಂವಿಧಾನ ವಕೀಲಿಕೆಗೆ ಬೀಗ ಹಾಕಿತು, ಸರ್ಕಾರದ ನೇಮಕಗಳಿಗೆ ಹಾಕಲಿಲ್ಲ. ಕೊನೆಯ ವರ್ಷದ ತೀರ್ಪುಗಳ ಮೇಲೆ ಬೀಳುವ ನೆರಳು ಆ ತೆರೆದ ಬಾಗಿಲಿನದು.

1980ರ ಜುಲೈ 21. ಮಲಪ್ರಭೆಯ ನೀರು ಸರಿಯಾಗಿ ಹರಿಯದ ಹೊಲಕ್ಕೆ ಅಭಿವೃದ್ಧಿ ಕರ ಕೇಳಿದ್ದಕ್ಕೆ ನವಲಗುಂದದ ರೈತರು ಬೀದಿಗಿಳಿದರು. ಗುಂಡು ಹಾರಿತು, ಅಳಗವಾಡಿಯ ಬಸಪ್ಪ ಲಕ್ಕುಂಡಿ ಬಿದ್ದರು. ನ್ಯಾಯ ಬೇಡವೆಂದು ಯಾರೂ ಬೀದಿಗೆ ಬರುವುದಿಲ್ಲ. ಕೇಳುವ ಕಿವಿ ದೂರವಾದಾಗ ಬರುತ್ತಾರೆ.

ಅದೇ ಸೀಮೆ ಮಹದಾಯಿ ನದಿಯ ನೀರಿಗಾಗಿ ಮತ್ತೆ ಕಾಯಿತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಜೆ.ಎಂ. ಪಾಂಚಾಲರ ನ್ಯಾಯಮಂಡಳಿ 2010ರಲ್ಲಿ ಕೂತಿತು, 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ 13.42 ಟಿಎಂಸಿ, ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18. ಅಂಕಿ ಬಂದು ವರ್ಷಗಳಾದವು. ಕಾಲುವೆಯಲ್ಲಿ ನೀರು ಕಾಣಲಿಲ್ಲ. ತೀರ್ಪು ನದಿಯಂತಲ್ಲ, ತಾನಾಗಿ ಕೆಳಗೆ ಹರಿದು ಬರುವುದಿಲ್ಲ.

ಲೋಕ ಅದಾಲತ್ತಿನಲ್ಲಿ ಒಪ್ಪಿ ಎದ್ದ ರಾಜಿಗೆ ಮೇಲ್ಮನವಿ ಇಲ್ಲ. ಕಟ್ಟೆ ಕೋರ್ಟಿನ ಅಂಗಳಕ್ಕೆ ಮರಳಿ ಬಂದಿದೆ, ಈ ಸಲ ಕಾಯದೆಯ ಕೈ ಹಿಡಿದು. ಆದರೆ ದಣಿವಿನಿಂದ ಆದ ರಾಜಿಯನ್ನೂ ಮನಸ್ಸಿನಿಂದ ಆದ ರಾಜಿಯನ್ನೂ ಅಂಕಿಸಂಖ್ಯೆ ಒಂದೇ ಅಂಕಣದಲ್ಲಿ ಕೂಡಿಸುತ್ತದೆ.

ವಾಯಿದೆ ಎಂದರೆ ನ್ಯಾಯಾಧೀಶನಿಗೆ ಒಂದು ದಿನಾಂಕ, ಕಕ್ಷಿದಾರನಿಗೆ ಒಂದು ದಿನದ ಕೂಲಿ.

ಸುಪ್ರೀಂ ಕೋರ್ಟಿಗೆ 1950ರಲ್ಲಿ ಮಂಜೂರಾದದ್ದು ಎಂಟು ನ್ಯಾಯಮೂರ್ತಿಗಳು, 2019ರಲ್ಲಿ ಆ ಸಂಖ್ಯೆ 34ಕ್ಕೆ ಏರಿತು. ತುದಿ ದಪ್ಪವಾದರೆ ಮರ ಬೆಳೆಯಿತೆಂದಲ್ಲ. ಬೇರಿನ ಕಡೆ ನೋಡಬೇಕು.

ಪಟ್ಟೇವಾಲ ಬಾಗಿಲಿಗೆ ಬಂದು ಹೆಸರನ್ನು ಮೂರು ಸಲ ಕೂಗುತ್ತಾನೆ. ಕೆಲವು ಹೆಸರಿಗೆ ಮಗ ಎದ್ದು ಬರುತ್ತಾನೆ. ಹೆಸರಿನವನು ತೀರಿ ಹೋಗಿ ವಾರಸುದಾರರು ದಾಖಲಾಗಿರುತ್ತಾರೆ. ನ್ಯಾಯಾಧೀಶರು ಬದಲಾದರು, ವಕೀಲರು ಬದಲಾದರು, ಕಕ್ಷಿದಾರನೂ ಬದಲಾದ. ದಾವೆಯ ನಂಬರು ಮಾತ್ರ ಚಿರಂಜೀವಿ.

ಮೊದಲ ನೇಮಕದ ಮೊದಲ ದಿನ. ಎಳೆಯ ನ್ಯಾಯಾಧೀಶೆ ಶಿರಸ್ತೇದಾರರನ್ನು ಕರೆದು ಈ ಕೋರ್ಟಿನ ಅತಿ ಹಳೆಯ ಕಡತ ತರಲು ಹೇಳುತ್ತಾಳೆ. ಬಟ್ಟೆಯ ಕಟ್ಟು ಬಿಚ್ಚಿದಾಗ ಧೂಳು ಏಳುತ್ತದೆ. ಮೇಲೆ ಬರೆದ ಇಸವಿ ಅವಳು ಹುಟ್ಟಿದ ಇಸವಿಗಿಂತ ಹಿಂದಿನದು. ಹೊರಗೆ ವರಾಂಡದಲ್ಲಿ ರುಮಾಲಿನ ಮುದುಕನೊಬ್ಬ ಬುತ್ತಿಗಂಟನ್ನು ತೊಡೆಯ ಮೇಲಿಟ್ಟು ಕೂತಿದ್ದಾನೆ. ಅವಳು ಪೆನ್ನಿನ ಮುಚ್ಚಳ ತೆಗೆದು ಮೊದಲ ಪುಟದಿಂದ ಓದತೊಡಗುತ್ತಾಳೆ.